ಹುಲ್ಲಿನಲ್ಲೊಂದು ಹೆಸರು

ಲಾಸ್ ಏಂಜಲೀಸಿನ ಸಾಂತಾ ಮೋನಿಕಾ ಬುಲೆವಾರ್ಡಿನ ವಾಹನಗಳ ಗಲಾಟೆಯನ್ನು ಬೆನ್ನಿಗೆ ಬಿಟ್ಟು ಗೇಟು ದಾಟಿದರೆ ಎಲ್ಲಿಂದಲೋ ನವಿಲು ಕೂಗುತ್ತದೆ. ಅಂಥ ಊರಿನ ನಡುಮಧ್ಯೆ, ಅದೂ ಸ್ಮಶಾನದಲ್ಲಿ ನವಿಲು! ಎತ್ತರದ ತಾಳೆಜಾತಿಯ ಮರಗಳು ಗಾಳಿ ಬಂದಾಗ ಒಣಗರಿಗಳನ್ನು ಸರಬರ ಅನ್ನಿಸುತ್ತವೆ. ಆಗತಾನೆ ಕತ್ತರಿಸಿದ ಹುಲ್ಲಿನ ಹಸಿ ವಾಸನೆ. ತುಸು ಮುಂದೆ ಹೋದರೆ ಕೊಳ. ದಕ್ಷಿಣದ ಗೋಡೆಗೆ ಒತ್ತಿಕೊಂಡೇ ಪ್ಯಾರಾಮೌಂಟ್ ಸ್ಟುಡಿಯೊದ ಛಾವಣಿಗಳು. ಬದುಕಿರುವ ನಟರು ಗೋಡೆಯ ಆಚೆ, ತೀರಿಕೊಂಡವರು ಈಚೆ. 1899ರಲ್ಲಿ ಶುರುವಾದ ಈ ಜಾಗಕ್ಕೆ ಈಗ ‘ಹಾಲಿವುಡ್ ಫಾರೆವರ್’ ಎಂದು ಹೆಸರು.

ಬಂದವರು ಹುಡುಕುವುದು ಮೂಕಿಚಿತ್ರಗಳ ನಾಯಕ ರುಡಾಲ್ಫ್ ವ್ಯಾಲೆಂಟಿನೊನ ಗೂಡನ್ನು, ಇಲ್ಲವೇ ಉದ್ದನೆಯ ನೀರಿನ ತೊಟ್ಟಿಯ ತುದಿಯಲ್ಲಿ ಅರಮನೆಯಂತೆ ನಿಂತ, ಅದೇ ಕಾಲದ ಇನ್ನೊಬ್ಬ ನಾಯಕ ಡಗ್ಲಸ್ ಫೇರ್‌ಬ್ಯಾಂಕ್ಸ್ ಸಮಾಧಿಯನ್ನು. ನಾವು ತಲೆ ಎತ್ತಿ ನೋಡುವುದು ಬೇಡ, ತಗ್ಗಿಸಿಕೊಂಡು ನಡೆಯೋಣ. ಇಲ್ಲದಿದ್ದರೆ ತುಳಿದುಕೊಂಡೇ ಮುಂದೆ ಹೋಗಿಬಿಡುತ್ತೇವೆ. ನೆಲಕ್ಕೆ ಸಮನಾಗಿ ಕೂತ ಸಣ್ಣ ಫಲಕವೊಂದರ ಮೇಲೆ ಫ್ಲಾರೆನ್ಸ್ ಲಾರೆನ್ಸ್ ಎಂಬ ಹೆಸರಿದೆ. ಜೊತೆಗೆ ಎರಡು ಬಿರುದು: ಬಯೋಗ್ರಾಫ್ ಹುಡುಗಿ, ಮೊದಲ ಸಿನಿಮಾ ತಾರೆ.

ಮೊದಲ ತಾರೆ ಎಂಬುದರ ಬಗ್ಗೆ ಪಂಡಿತರು ಜಗಳವಾಡಲಿ. ಆದರೆ ಆಕೆ ಕೆಲಸಕ್ಕೆ ಇಳಿದಾಗ ತಾರೆ ಎಂಬ ಮಾತೇ ಆ ಕಸುಬಿನಲ್ಲಿ ಇರಲಿಲ್ಲ. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಹುಟ್ಟಿದ ಹುಡುಗಿ. ತಾಯಿ ಲಾಟಾ ಊರೂರು ತಿರುಗುವ ನಾಟಕದವಳು. ಮಗುವನ್ನೂ ರಂಗಕ್ಕೆ ಹತ್ತಿಸಿ, ಶಿಳ್ಳೆ ಹಾಕುವ ಅದ್ಭುತ ಬಾಲೆ ಎಂದು ತೋರಿಸಿ ಹೊಟ್ಟೆ ಹೊರೆದಳು. ಮುಂದೆ ಎಡಿಸನ್ ಕಂಪನಿಯವರು ಡೇನಿಯಲ್ ಬೂನ್ ಚಿತ್ರಕ್ಕೆ ಆಕೆಯನ್ನು ಆರಿಸಿದ್ದು ಅಭಿನಯಕ್ಕಲ್ಲ, ಕುದುರೆ ಸವಾರಿ ಬರುತ್ತದೆಂದು.

1908ರಲ್ಲಿ ನ್ಯೂಯಾರ್ಕಿನ 14ನೇ ಬೀದಿಯ ಬಯೋಗ್ರಾಫ್ ಕಂಪನಿ ಸೇರಿದಳು. ಸಿರಿವಂತರ ಹಳೇ ಬಂಗಲೆ, ಒಂದು ಕಾಲಕ್ಕೆ ಜನ ಕುಣಿಯುತ್ತಿದ್ದ ಹಜಾರವೇ ಸ್ಟುಡಿಯೊ. ಪಾದರಸದ ದೀಪಗಳ ನೀಲಿಹಸಿರು ಬೆಳಕಿನಲ್ಲಿ ಎಲ್ಲರ ಮುಖವೂ ಕಾಯಿಲೆ ಬಿದ್ದವರಂತೆ. ಹಿಡಿಕೆ ತಿರುಗಿಸುವ ಕ್ಯಾಮೆರಾದ ಕಟಕಟ ಶಬ್ದದ ನಡುವೆ ನಿರ್ದೇಶಕ ಗ್ರಿಫಿತ್ ‘ಅಳು’ ಎಂದರೆ ಅಳಬೇಕು, ‘ಓಡು’ ಎಂದರೆ ಓಡಬೇಕು. ಒಂದೇ ರೀಲಿನ ಚಿತ್ರಗಳು, ವಾರಕ್ಕೆ ಎರಡೆರಡು, ದೋಸೆ ಹುಯ್ದಂತೆ. ಪರದೆಯ ಮೇಲೆ ಮಾತ್ರ ಯಾವ ನಟನ ಹೆಸರೂ ಇಲ್ಲ. ಹೆಸರಾದರೆ ಸಂಬಳ ಜಾಸ್ತಿ ಕೇಳುತ್ತಾರೆ ಎಂಬ ಭಯ ಮಾಲೀಕರಿಗೆ. ಆ ಹುಡುಗಿ ಯಾರು ಎಂದು ನೋಡುಗರು ಕಾಗದ ಬರೆದು ಕೇಳಿದರೂ ಉತ್ತರವಿಲ್ಲ. ಜನ ತಾವೇ ‘ಬಯೋಗ್ರಾಫ್ ಹುಡುಗಿ’ ಎಂದು ಕರೆದುಕೊಂಡರು.

ಆಕೆಗೆ ಹೆಸರು ಕೊಟ್ಟಿದ್ದು ಸಾವಿನ ಸುದ್ದಿ. 1910ರಲ್ಲಿ, ಕಾರ್ಲ್ ಲೆಮ್ಲೆಯ ಕಂಪನಿಗೆ ಹೋದ ಮೇಲೆ, ಟ್ರಾಮಿಗೆ ಸಿಕ್ಕಿ ಸತ್ತಳು ಎಂಬ ಪುಕಾರು ಹಬ್ಬಿತು. ಹಬ್ಬಿಸಿದವನು ಲೆಮ್ಲೆಯೇ ಎಂದು ಬಹುಮಂದಿ ಹೇಳುತ್ತಾರೆ. ಅವನೇ ಪತ್ರಿಕೆಯಲ್ಲಿ ಜಾಹೀರಾತು ಹಾಕಿ, ಅದೆಲ್ಲ ಶುದ್ಧ ಸುಳ್ಳು, ಆಕೆ ನಮ್ಮಲ್ಲೇ ಇದ್ದಾಳೆ ಎಂದು ಸಾರಿದ. ಸೇಂಟ್ ಲೂಯಿಸ್ ನಗರಕ್ಕೆ ಕರೆದೊಯ್ದು ತೋರಿಸಿದ್ದೂ ಆಯಿತು. ಜಾತ್ರೆಯಂತೆ ಜನ ಮುಕುರಿದರು. ಲೆಮ್ಲೆ ಗಟ್ಟಿ ಆಸಾಮಿ, ಬಿಡಿ.

ಅನಂತರದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಚಿತ್ರೀಕರಣದ ಬೆಂಕಿಯಲ್ಲಿ ಪೆಟ್ಟಾಯಿತು, ಕೆಲಕಾಲ ಬಿಟ್ಟು ಮರಳಿ ಬಂದಾಗ ಪರದೆಯ ಮೇಲೆ ಬೇರೆ ಮುಖಗಳಿದ್ದವು. ಸುಮಾರು 300 ಚಿತ್ರಗಳಲ್ಲಿ ಕಾಣಿಸಿಕೊಂಡವಳು 1936ರಲ್ಲಿ ಎಂಜಿಎಂ ಸ್ಟುಡಿಯೊದಲ್ಲಿ ವಾರಕ್ಕೆ 75 ಡಾಲರಿಗೆ ಗುಂಪಿನಲ್ಲೊಬ್ಬಳಾಗಿ ನಿಂತಳು. ಹೆಸರಿದ್ದ ಕಾಲದಲ್ಲಿ ಆಕೆಗೆ ಕಾರಿನ ಹುಚ್ಚು ಬಹಳ. ಗುಂಡಿ ಒತ್ತಿದರೆ ಹಿಂದಿನ ಮಡ್‌ಗಾರ್ಡಿನ ಬಳಿ ಬಾವುಟ ಎದ್ದು ತಿರುವು ತೋರಿಸುವ ಕೈಯೊಂದನ್ನು ತಾನೇ ಮಾಡಿಕೊಂಡಿದ್ದಳು. ಪೇಟೆಂಟ್ ಮಾಡಿಸಲಿಲ್ಲ. ಅಲ್ಲಿಯೂ ಹೆಸರು ಉಳಿಯಲಿಲ್ಲ.

1929ರಲ್ಲಿ ತಾಯಿ ತೀರಿಕೊಂಡಾಗ ದುಬಾರಿಯದೊಂದು ಪ್ರತಿಮೆ ಕಡೆಸಿ ತಾಯಿಯ ಸಮಾಧಿಗೆ ಇರಿಸಿದಳು. ಒಂಬತ್ತು ವರ್ಷದ ಮೇಲೆ, 1938ರ ಡಿಸೆಂಬರ್ 28ರಂದು, ವಾಸಿಯಾಗದ ಕಾಯಿಲೆಗೆ ಸೋತು ತಾನೇ ಜೀವ ಕಳೆದುಕೊಂಡಳು. ಮಣ್ಣು ಮಾಡುವ ಖರ್ಚನ್ನು ಕಲಾವಿದರ ಪರಿಹಾರ ನಿಧಿ ಕೊಟ್ಟಿತು. ಗೋರಿಯ ಮೇಲೆ ಒಂದು ಕಲ್ಲು ನೆಡುವವರು ಇರಲಿಲ್ಲ. 53 ವರ್ಷ ಅಲ್ಲಿ ಹುಲ್ಲು ಬೆಳೆಯಿತು, ಮಾಲಿ ಕತ್ತರಿಸಿದ, ಮತ್ತೆ ಬೆಳೆಯಿತು.

1991ರಲ್ಲಿ ಬ್ರಿಟಿಷ್ ನಟನೊಬ್ಬ ಈ ಫಲಕಕ್ಕೆ ಹಣ ಕೊಟ್ಟ. ತನ್ನ ಹೆಸರನ್ನು ಮಾತ್ರ ಎಲ್ಲಿಯೂ ಹಾಕಿಸಿಕೊಳ್ಳಲಿಲ್ಲ. ಬಗ್ಗಿ ನೋಡಿ, ಹುಟ್ಟಿದ ವರ್ಷ 1890 ಎಂದಿದೆ. ಆಕೆ ಹುಟ್ಟಿದ್ದು 1886ರಲ್ಲಿ. ನನಗೆ ಈ ತಪ್ಪಿನ ಮೇಲೆ ಸಿಟ್ಟು ಬರುವುದಿಲ್ಲ. ನಾಲ್ಕು ವರ್ಷ ಚಿಕ್ಕವಳಾಗಿ ಕಾಣುವುದಕ್ಕೆ ಯಾವ ನಟಿ ಬೇಡ ಎಂದಾಳು?

ಬೇಸಿಗೆಯ ಸಂಜೆಗಳಲ್ಲಿ ಇಲ್ಲಿ ಸಿನಿಮಾ ಹಾಕುತ್ತಾರೆ. ಜನ ಜಮಖಾನ, ದಿಂಬು, ತಿಂಡಿ ಹೊತ್ತುಕೊಂಡು ಬಂದು ಫೇರ್‌ಬ್ಯಾಂಕ್ಸ್ ಹೆಸರಿನ ಹುಲ್ಲುಹಾಸಿನ ಮೇಲೆ ಕೂರುತ್ತಾರೆ. ಕತ್ತಲಾಗುತ್ತಲೇ ಸಮಾಧಿಮಂದಿರದ ಬಿಳಿ ಗೋಡೆಯೇ ಪರದೆ. ಚಿತ್ರ ಮುಗಿದ ಮೇಲೆ ಆ ಗೋಡೆಯ ಮೇಲೆ ಹೆಸರುಗಳು ಹರಿಯತೊಡಗುತ್ತವೆ: ನಟರದ್ದು, ದೀಪ ಹಿಡಿದವರದ್ದು, ಬಟ್ಟೆ ಹೊಲಿದವರದ್ದು, ವ್ಯಾನು ಓಡಿಸಿದವರದ್ದು. ಅಷ್ಟು ಹೊತ್ತಿಗೆ ಜನ ಎದ್ದು ಜಮಖಾನ ಕೊಡವುತ್ತಿರುತ್ತಾರೆ.