ಪ್ಲೇಗಿನಿಂದ ದೀಪಾವಳಿಯವರೆಗೆ ಬೋನಸ್

ದೀಪಾವಳಿ ಹತ್ತಿರ ಬಂತೆಂದರೆ ಗಾರ್ಮೆಂಟ್ಸ್ ಗೇಟಿನ ಹೊರಗೆ ಒಂದೇ ಮಾತು: 'ಈ ಸಲ ಬೋನಸ್ ಎಷ್ಟು ಹಾಕ್ತಾರಂತೆ?' ಸಿಹಿ ಡಬ್ಬಿಯ ಜೊತೆ ಬರುವುದರಿಂದ ಅದು ಉಡುಗೊರೆಯ ಹಾಗೆ ಕಾಣುತ್ತದೆ. ಆದರೆ ಅದು ದುಡಿದ ದುಡ್ಡು. ಇಷ್ಟನ್ನು ಕಾನೂನಿನಲ್ಲಿ ಬರೆಸಲು ಸುಮಾರು ಅರ್ಧ ಶತಮಾನ ಹಿಡಿಯಿತು.

1917ರಲ್ಲಿ ಅಹಮದಾಬಾದಿಗೆ ಪ್ಲೇಗ್ ಬಂತು. ಜನ ಊರು ಬಿಡತೊಡಗಿದರು. ಯುದ್ಧದ ಕಾಲ, ಬಟ್ಟೆಗೆ ಒಳ್ಳೆಯ ಬೆಲೆ. ಮಗ್ಗ ನಿಂತರೆ ಮಾಲೀಕರಿಗೆ ನಷ್ಟ. ನೇಕಾರರನ್ನು ಉಳಿಸಿಕೊಳ್ಳಲು ಕೂಲಿಯ ಮೇಲೆ ಶೇ 70–80ರವರೆಗೂ 'ಪ್ಲೇಗ್ ಬೋನಸ್' ಕೊಟ್ಟರು. ಸಾವನ್ನು ಎದುರಿಗಿಟ್ಟುಕೊಂಡು ನೇಯ್ದದ್ದಕ್ಕೆ ಸಿಕ್ಕ ಹಣ ಅದು. ರೋಗ ಇಳಿದದ್ದೇ ತಡ, 1918ರ ಆರಂಭದಲ್ಲಿ ಅದನ್ನು ನಿಲ್ಲಿಸಲು ಹೊರಟರು. ದಿನಸಿಯ ಬೆಲೆ ಮಾತ್ರ ಇಳಿದಿರಲಿಲ್ಲ.

ನೇಕಾರರ ಪರ ನಿಂತವರು ಅನಸೂಯಾ ಸಾರಾಭಾಯಿ. ಎದುರು ಪಾಳಯದ ಮುಂದಾಳು ಅಂಬಾಲಾಲ್, ಅವರ ಒಡಹುಟ್ಟಿದ ತಮ್ಮ. ಬೋನಸ್ ಬದಲು ಕೂಲಿಯಲ್ಲಿ ಕಾರ್ಮಿಕರು ಶೇ 50 ಹೆಚ್ಚಳ ಕೇಳಿದರು, ಮಾಲೀಕರು 20ಕ್ಕೇ ನಿಂತರು, ಗಾಂಧೀಜಿ ಲೆಕ್ಕ ಹಾಕಿ 35 ನ್ಯಾಯ ಎಂದರು. ಫೆಬ್ರುವರಿ 22ರಂದು ಮಿಲ್‌ಗಳಿಗೆ ಬೀಗ ಬಿತ್ತು. ಸಾಬರಮತಿ ದಂಡೆಯ ಜಾಲಿಮರದಡಿ ದಿನವೂ ಸಭೆ. ವಾರಗಳು ಕಳೆದು, ಹಸಿದ ಮನೆಗಳಲ್ಲಿ ಪಟ್ಟು ಸಡಿಲವಾಗತೊಡಗಿದಾಗ, ಮಾರ್ಚ್ 15ರಂದು ಗಾಂಧೀಜಿ ಉಪವಾಸ ಕೂತರು. ಮೂರೇ ದಿನಕ್ಕೆ ರಾಜಿಯಾಯಿತು. ಎರಡೂ ಕಡೆಯ ಮಾತು ಉಳಿಯಲೆಂದು ಮೊದಲ ದಿನ ಶೇ 35, ಮರುದಿನ 20, ಅಲ್ಲಿಂದಾಚೆಗೆ 27.5! ಮಧ್ಯಸ್ಥಿಕೆ ವಹಿಸಿದ ಆನಂದಶಂಕರ ಧ್ರುವ ಕೊನೆಗೆ 35 ಎಂದೇ ತೀರ್ಪು ಕೊಟ್ಟರು.

ಕೂಲಿ ಹೆಚ್ಚಿತು, ಬೋನಸ್ ಇನ್ನೂ ಹಕ್ಕಾಗಿರಲಿಲ್ಲ. ಮುಂಬೈ ಮಿಲ್‌ಗಳು 1919ರಿಂದ ಕೊಡುತ್ತ ಬಂದಿದ್ದ ಬೋನಸ್ ನಿಲ್ಲಿಸಿದಾಗ, 1924ರಲ್ಲಿ ಒಂದೂವರೆ ಲಕ್ಷದಷ್ಟು ಜನ ಮುಷ್ಕರ ಹೂಡಿದರು. ಐದು ವರ್ಷ ಕೊಟ್ಟ ಮಾತ್ರಕ್ಕೆ ಕೇಳುವ ಹಕ್ಕು ಹುಟ್ಟುವುದಿಲ್ಲ ಎಂದಿತು ವಿಚಾರಣಾ ಸಮಿತಿ. ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಆ ಮಾತು ಬದಲಾದದ್ದು 1950ರಲ್ಲಿ. ಲಾಭದಿಂದ ಯಂತ್ರದ ಸವಕಳಿ, ತೆರಿಗೆ, ಬಂಡವಾಳಕ್ಕೆ ಶೇ 6 ಎಲ್ಲ ಕಳೆದು ಉಳಿದದ್ದರಲ್ಲಿ ದುಡಿದವರಿಗೂ ಪಾಲಿದೆ ಎಂದು ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ ಹೇಳಿತು. 1965ರ ಬೋನಸ್ ಕಾಯ್ದೆ, ನಷ್ಟದ ವರ್ಷದಲ್ಲೂ ವರ್ಷದ ಸಂಬಳದ ಶೇ 4 ಕೊಡಲೇಬೇಕು ಎಂದಿತು. 1972ರಲ್ಲಿ ಅದು 8.33 ಆಯಿತು. ಹನ್ನೆರಡರಲ್ಲಿ ಒಂದು ಪಾಲು. ಅಂದರೆ ಒಂದು ತಿಂಗಳ ಸಂಬಳ. ತುರ್ತು ಪರಿಸ್ಥಿತಿಯಲ್ಲಿ ಮತ್ತೆ 4ಕ್ಕೆ ಇಳಿಸಿದರು, 1977ರಲ್ಲಿ 8.33 ಮರಳಿತು. 2019ರ ವೇತನ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ.

ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕು. ಮಾರ್ಚ್ ಕೊನೆಯಿಂದ ಎಣಿಸಿ ನೋಡಿ, ನವೆಂಬರ್ ಬರುತ್ತದೆ. ಸಂಬಳ ಕಾನೂನಿನ ಮಿತಿಯೊಳಗಿದ್ದು, ಆ ವರ್ಷದಲ್ಲಿ 30 ದಿನ ದುಡಿದಿದ್ದರೆ ಸಾಕು. ಜೂನ್‌ನಲ್ಲೇ ಕೆಲಸ ಬಿಟ್ಟು ಹೋದ ಹೆಣ್ಣುಮಗಳಿಗೆ ಸಿಹಿ ಡಬ್ಬಿ ಸಿಗಲಿಕ್ಕಿಲ್ಲ. ಮಾರ್ಚ್‌ವರೆಗೆ ಹೊಲಿದ ಆ ವರ್ಷದ ಬೋನಸ್ ಅವಳದ್ದೇ.