ನ್ಯಾಯಶಾಸ್ತ್ರದಲ್ಲಿ ವಿಶೇಷ ವ್ಯಾಸಂಗದ ಆಯ್ಕೆ: ಮಧುಗಿರಿ ಉಪವಿಭಾಗವನ್ನು ಕುರಿತು ಕೆಲವು ವಿಚಾರಗಳು

ಕಾನೂನು ಪದವಿಯನ್ನು ಪಡೆಯುವ ತರುಣ ತರುಣಿಯರು ಮುಂದೆ ಯಾವ ಶಾಖೆಯಲ್ಲಿ ವಿಶೇಷ ಪರಿಶ್ರಮವನ್ನು ಸಂಪಾದಿಸಿದರೆ ಜೀವನೋಪಾಯಕ್ಕೆ ಅನುಕೂಲವಾದೀತು ಎಂಬ ಪ್ರಶ್ನೆಯು ವರ್ಷಂಪ್ರತಿ ಅಧ್ಯಾಪಕರ ಮುಂದೆ ಬರುವಂತಹುದು. ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರವು ಬೆಂಗಳೂರನ್ನು ಮನಸ್ಸಿನಲ್ಲಿಟ್ಟುಕೊಂಡ ಉತ್ತರ: ಕಂಪನಿ ಕಾನೂನು, ಬೌದ್ಧಿಕ ಸ್ವತ್ತು, ಸೈಬರ್ ಕಾನೂನು. ಈ ಶಾಖೆಗಳ ಯೋಗ್ಯತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ಬಂದು, ಮನೆತನದಲ್ಲಿ ಮೊದಲ ಪದವೀಧರನಾಗುವ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಮತ್ತು ಗಟ್ಟಿಯಾದ ವಿಷಯವೊಂದಿದೆ. ಅದು ಭೂಮಿಗೆ ಸಂಬಂಧಿಸಿದ ಕಾನೂನು.

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ವೈದ್ಯವೃತ್ತಿಯಲ್ಲಿರುವಂತೆ ವಕೀಲವೃತ್ತಿಯಲ್ಲಿ ಶಾಖಾವಾರು ಅನುಮತಿಯೆಂಬುದಿಲ್ಲ. 1961ರ ವಕೀಲರ ಅಧಿನಿಯಮದಂತೆ ನೋಂದಣಿಯು ಎಲ್ಲರಿಗೂ ಒಂದೇ. 2010ರ ನಿಯಮದಿಂದ ಬಂದ ಅಖಿಲ ಭಾರತ ವಕೀಲರ ಪರೀಕ್ಷೆಯೂ ಎಲ್ಲ ಶಾಖೆಗಳನ್ನೂ ಒಳಗೊಂಡುದೇ. ಆದುದರಿಂದ ವಿಶೇಷ ವ್ಯಾಸಂಗವು ಅಧಿಕಾರಪತ್ರವಲ್ಲ. ಹಿರಿಯ ವಕೀಲರೊಬ್ಬರು ಕಡತವನ್ನು ಈ ಕಿರಿಯನಿಗೇ ಏಕೆ ಒಪ್ಪಿಸಬೇಕು ಎಂಬುದಕ್ಕೆ ಕಾರಣ, ಅಷ್ಟೆ. ಸಿವಿಲ್ ನ್ಯಾಯಾಧೀಶರ ಹುದ್ದೆಯನ್ನು ಬಯಸುವವರಿಗೂ ಮೂರು ವರ್ಷಗಳ ವಕೀಲಿಯು ಅವಶ್ಯವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಿನಲ್ಲಿ ತೀರ್ಪಿತ್ತಿರುವುದರಿಂದ, ಆ ಮೂರು ವರ್ಷಗಳನ್ನು ಎಲ್ಲಿ, ಯಾವ ಕಡತಗಳ ನಡುವೆ ಕಳೆಯಬೇಕೆಂಬ ವಿಚಾರವು ಹೆಚ್ಚಿನ ಮಹತ್ತ್ವವನ್ನು ಪಡೆದಿದೆ.

ಈ ನಾಲ್ಕು ತಾಲ್ಲೂಕುಗಳೂ ಕಂದಾಯಾಡಳಿತದಲ್ಲಿ ಒಂದೇ ಉಪವಿಭಾಗ. ತಹಶೀಲ್ದಾರರ ಹಕ್ಕು ಬದಲಾವಣೆಯ ಆದೇಶದ ಮೇಲೆ, 1964ರ ಭೂಕಂದಾಯ ಅಧಿನಿಯಮದಂತೆ ಮೇಲ್ಮನವಿ ನಡೆಯುವುದು ಮಧುಗಿರಿಯ ಉಪವಿಭಾಗಾಧಿಕಾರಿಗಳ ಮುಂದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನು ಅಕ್ರಮವಾಗಿ ಪರಭಾರೆಯಾಗಿದ್ದರೆ, 1978ರ ಅಧಿನಿಯಮದಂತೆ ಅದನ್ನು ಮರಳಿಸುವ ವಿಚಾರಣೆಯೂ ಅಲ್ಲಿಯೇ. ಅರ್ಜಿಯನ್ನು ಯುಕ್ತ ಕಾಲದೊಳಗೆ ಸಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿತು. ಕಾಲಮಿತಿಯೇ ಇಲ್ಲವೆಂದು ರಾಜ್ಯ ಶಾಸನಸಭೆಯು 2023ರಲ್ಲಿ ತಿದ್ದುಪಡಿ ಮಾಡಿತು. ಒಂದು ಕುಟುಂಬದ ಎರಡು ಎಕರೆ ಉಳಿಯುವುದೂ ಹೋಗುವುದೂ ಈ ಎರಡರ ನಡುವಣ ವಾದವನ್ನು ಅವಲಂಬಿಸಿರುತ್ತದೆ. ಇದರ ಜೊತೆಗೆ ಇನಾಂ ರದ್ದತಿ, ತೋಟಿ ತಳವಾರಿಕೆಯ ಜಮೀನುಗಳು, 1974ರ ಭೂಸುಧಾರಣೆಯ ಗೇಣಿ ಹಕ್ಕುಗಳು, ಬಗರ್‌ಹುಕುಂ ಸಾಗುವಳಿಯ ಸಕ್ರಮ ಇವೆಲ್ಲವೂ ಇವೆ.

ಇದು ಹಳೆಯ ಕಾಲದ ವಿಷಯ, ಇದರಲ್ಲಿ ಭವಿಷ್ಯವೆಲ್ಲಿ ಎಂದು ಕೇಳುವವರು ಪಾವಗಡವನ್ನು ನೋಡಬೇಕು. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕ್ಷೇತ್ರವು 2018ರಲ್ಲಿ ಉದ್ಘಾಟನೆಗೊಂಡಿತು. ಇಲ್ಲಿಯ ವಿಶೇಷವೆಂದರೆ ಜಮೀನನ್ನು ಕೊಂಡುಕೊಳ್ಳಲಿಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಗಳಿಗೊಮ್ಮೆ ಶೇಕಡ 5ರಷ್ಟು ಏರಿಕೆಯೊಡನೆ, ರೈತರಿಂದ ದೀರ್ಘಾವಧಿಯ ಗುತ್ತಿಗೆಗೆ ಪಡೆಯಲಾಯಿತು. ಸ್ವತ್ತು ವರ್ಗಾವಣೆ ಅಧಿನಿಯಮದಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯು ನೋಂದಾಯಿತ ಪತ್ರದಿಂದಲೇ ಆಗತಕ್ಕದ್ದು. ಪತ್ರಕ್ಕೆ ಸಹಿ ಹಾಕುವವನು ಖಾತೆದಾರ. ಆದರೆ ಖಾತೆಯು ತೀರಿಹೋದ ತಂದೆಯ ಹೆಸರಿನಲ್ಲಿಯೇ ಉಳಿದಿದ್ದರೆ? ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿದ್ದರೆ? ಕರ್ನಾಟಕವು 1994ರಲ್ಲಿಯೂ ಕೇಂದ್ರವು 2005ರಲ್ಲಿಯೂ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಾನ ಹಕ್ಕನ್ನು ಕೊಟ್ಟಿರುವಾಗ, ಮದುವೆಯಾಗಿ ಹೋದ ಹೆಣ್ಣುಮಗಳಿಗೆ ಈ ಬಾಡಿಗೆಯಲ್ಲಿ ಭಾಗವೆಷ್ಟು? ಮೇಲೆ ಹೇಳಿದ 1978ರ ಅಧಿನಿಯಮದಲ್ಲಿ ಗುತ್ತಿಗೆಯೂ ಪರಭಾರೆಯೇ. ಮಂಜೂರಾದ ಜಮೀನಿಗೆ ಸರ್ಕಾರದ ಪೂರ್ವಾನುಮತಿ ಬೇಕು. ಖಾತೆಯಿಲ್ಲದೆ ಉಳುತ್ತಿದ್ದವನ ಗತಿಯಂತೂ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು. ವಿದ್ಯುಚ್ಛಕ್ತಿಯ ಕಾನೂನೆಂಬ ಹೊಸ ಶಾಖೆಯು ಕೊನೆಗೆ ಬಂದು ನಿಲ್ಲುವುದು ಪಹಣಿಯ ಮೇಲೆಯೇ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಶಿರಾದ ಬಳಿಯ ಹೆದ್ದಾರಿಯಿಂದಲೂ ಇಂತಹುದೇ ಪಾಠ. 1956ರ ರಾಷ್ಟ್ರೀಯ ಹೆದ್ದಾರಿಗಳ ಅಧಿನಿಯಮದಂತೆ ಪರಿಹಾರವು ಸಾಲದೆನ್ನುವ ರೈತನು ಹೋಗಬೇಕಾದುದು ಮಧ್ಯಸ್ಥಗಾರರ ಬಳಿಗೆ. ಮಧ್ಯಸ್ಥಿಕೆಯೆಂದರೆ ದೊಡ್ಡ ಕಂಪನಿಗಳ ವ್ಯವಹಾರವೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುತ್ತಾರೆ. ಇಲ್ಲಿ ಅದು ನಾಲ್ಕು ಗುಂಟೆಯ ಬೆಲೆಯನ್ನು ನಿಶ್ಚಯಿಸುತ್ತದೆ. ಆ ತೀರ್ಮಾನವನ್ನು ನ್ಯಾಯಾಲಯವು ತಿದ್ದಲಾಗದೆಂದು 2021ರಲ್ಲಿ, ಮಿತವಾಗಿ ತಿದ್ದಬಹುದೆಂದು 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ತುಮಕೂರು–ರಾಯದುರ್ಗ ರೈಲುಮಾರ್ಗಕ್ಕಾಗಿ ಕೊರಟಗೆರೆ, ಮಧುಗಿರಿ, ಪಾವಗಡಗಳಲ್ಲಿಯೂ ಭೂಸ್ವಾಧೀನ ನಡೆದಿದೆ.

ಅಪರಾಧ ಕಾನೂನನ್ನು ಆರಿಸುವವರಿಗೂ ಇದು ಸಕಾಲ. 2024ರ ಜುಲೈ 1ರಿಂದ ಮೂರು ಹೊಸ ಸಂಹಿತೆಗಳು ಜಾರಿಗೆ ಬಂದುದರಿಂದ ಹಿರಿಯರೂ ಕಿರಿಯರೂ ಅವುಗಳನ್ನು ಒಟ್ಟಿಗೆ ಕಲಿಯಬೇಕಾಯಿತು.

ಭೂಮಿಯ ಕಾನೂನಿನಲ್ಲಿ ಆದಾಯವು ಬೇಗನೆ ಬಾರದು ಎಂಬುದನ್ನು ಮರೆಮಾಚಬಾರದು. ಪಾಲಿನ ದಾವೆಯು ವರ್ಷಗಟ್ಟಲೆ ಎಳೆಯುತ್ತದೆ. ಬರಗಾಲದ ಸೀಮೆಯ ಕಕ್ಷಿಗಾರನು ಫೀಜನ್ನು ಬೆಳೆ ಬಂದ ಮೇಲೆ ಕೊಟ್ಟಾನು. ಆದುದರಿಂದ ಆಯ್ಕೆಗೆ ಮುನ್ನ ವಿದ್ಯಾರ್ಥಿಯು ನಾಲ್ಕೂ ಊರುಗಳ ನ್ಯಾಯಾಲಯಗಳ ದೈನಂದಿನ ಪ್ರಕರಣಪಟ್ಟಿಯನ್ನು ಒಂದು ತಿಂಗಳು ಓದಿ, ಮೂಲದಾವೆ ಎಷ್ಟು, ಕ್ರಿಮಿನಲ್ ಪ್ರಕರಣ ಎಷ್ಟು, ಮೋಟಾರು ಅಪಘಾತದ ಅರ್ಜಿ ಎಷ್ಟು ಎಂದು ತಾನೇ ಎಣಿಸಿಕೊಳ್ಳುವುದು ಲೇಸು. ಪಟ್ಟಿಯು ಈಗ ಮನೆಯಿಂದಲೇ ನೋಡಲು ದೊರೆಯುತ್ತದೆ.

ಇನ್ನು ತರಬೇತಿ. ಇಂಗ್ಲಿಷಿನಲ್ಲಿ ಸಂವಿಧಾನವನ್ನು ಚೆನ್ನಾಗಿ ಬರೆಯಬಲ್ಲ ಅನೇಕರು ಶಾನುಭೋಗರ ಕೈಬರಹದ ಹಳೆಯ ಪುಟದ ಮುಂದೆ ಮೂಕರಾಗುತ್ತಾರೆ. ಆಕಾರಬಂದ್, ಟಿಪ್ಪಣಿ, ಪೋಡಿ, ಖರಾಬು ಇವುಗಳ ಅರ್ಥವು ತರಗತಿಯಲ್ಲಿ ಪೂರ್ಣವಾಗಿ ತಿಳಿಯತಕ್ಕದ್ದಲ್ಲ. ರಜೆಯ ಎರಡು ತಿಂಗಳನ್ನು ಭೂಮಾಪನದವರೊಡನೆ ಹೊಲದ ಬದುಗಳ ಮೇಲೆ ಕಳೆದವನಿಗೆ ಅವು ತಿಳಿಯುತ್ತವೆ. ಪಾವಗಡದ ಕಡೆಗಾದರೆ ಸಾಕ್ಷಿಯ ಮಾತನ್ನು ಗ್ರಹಿಸುವಷ್ಟು ತೆಲುಗೂ ಬೇಕು.