ಡಬ್ ಆಲ್ಬಮ್: ಹಾಡನ್ನು ಬಿಚ್ಚಿ ಕಟ್ಟುವ ಪಾಠಾಂತರ

ಕನ್ನಡ ಎಂ.ಎ. ವಿದ್ಯಾರ್ಥಿಗೆ ರೆಗ್ಗೆ ಸಂಗೀತದಲ್ಲಿ ಏನು ಕೆಲಸ ಅಂತ ಕೆಲವರಿಗೆ ಅನಿಸಬಹುದು. ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಹತ್ತಾರು ಪ್ರತಿಗಳನ್ನು ಹೋಲಿಸಿ ಕವಿಯ ಮೂಲಪಾಠದ ಹತ್ತಿರ ಹೋಗಲು ಹೆಣಗುತ್ತೇವೆ. ಜಮೈಕಾದ ಡಬ್ ಸಂಗೀತಗಾರರು ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ ನಡೆದವರು. ಅವರಿಗೆ ಮೂಲ ಅನ್ನೋದು ಬರೀ ಆರಂಭ.

ಇತ್ತೀಚಿನ ಆಲ್ಬಮ್‌ಗಳಿಂದಲೇ ಶುರು ಮಾಡ್ತೇನೆ. 2019ರಲ್ಲಿ ಲೀ ‘ಸ್ಕ್ರ್ಯಾಚ್’ ಪೆರ್ರಿಯ ‘ರೇನ್‌ಫೋರ್ಡ್’ ಬಂತು, ಅದೇ ವರ್ಷ ‘ಹೆವಿ ರೇನ್’ ಬಂತು. 2022ರಲ್ಲಿ ಹೊರೇಸ್ ಆ್ಯಂಡಿಯ ‘ಮಿಡ್‌ನೈಟ್ ರಾಕರ್’ ಬಂದು ಕೆಲವೇ ತಿಂಗಳಲ್ಲಿ ‘ಮಿಡ್‌ನೈಟ್ ಸ್ಕಾರ್ಚರ್ಸ್’ ಬಂತು. ನಾಲ್ಕನ್ನೂ ನಿರ್ಮಿಸಿದವರು ಇಂಗ್ಲೆಂಡಿನ ಏಡ್ರಿಯನ್ ಶೆರ್ವುಡ್. ಪ್ರತಿ ಜೋಡಿಯಲ್ಲೂ ಎರಡನೆಯದು ಮುಖ್ಯವಾಗಿ ಮೊದಲನೆಯದರ ಧ್ವನಿಮುದ್ರಣವನ್ನೇ ಬಿಚ್ಚಿ ಮತ್ತೆ ಕಟ್ಟಿದ್ದು. ಹಾಗಾದ್ರೆ ಇದು ಹೊಸ ಆಲ್ಬಮ್ಮಾ, ಹಳೆಯದ್ದಾ?

ಉತ್ತರಕ್ಕೆ 1960ರ ದಶಕದ ಕೊನೆಯ ಜಮೈಕಾಕ್ಕೆ ಹೋಗಬೇಕು. ಅಲ್ಲಿ ಬೀದಿ ಬಯಲಲ್ಲಿ ದೊಡ್ಡ ಸ್ಪೀಕರು ಇಟ್ಟು ಜನರನ್ನು ಕುಣಿಸುವ ‘ಸೌಂಡ್ ಸಿಸ್ಟಮ್’ಗಳಿದ್ದವು. ರಡ್ಡಿ ರೆಡ್‌ವುಡ್ ಎಂಬವರಿಗೆ ಒಮ್ಮೆ ಸ್ಟುಡಿಯೋದಿಂದ ಗಾಯಕರ ದನಿಯೇ ಇಲ್ಲದ ಪ್ಲೇಟು ಕೈಗೆ ಬಂತು, ಅದನ್ನು ಹಾಕಿದಾಗ ಸೇರಿದ್ದ ಜನವೇ ಹಾಡಿಬಿಟ್ಟರು ಎಂಬುದು ಪ್ರಸಿದ್ಧ ಕಥೆ. ಆಮೇಲೆ ರೆಕಾರ್ಡಿನ ಒಂದು ಬದಿಯಲ್ಲಿ ಹಾಡು, ಇನ್ನೊಂದು ಬದಿಯಲ್ಲಿ ‘ವರ್ಶನ್’ ಕೊಡುವುದು ರೂಢಿಯಾಯಿತು.

ಇದನ್ನು ಕಲೆಯಾಗಿ ಬೆಳೆಸಿದವರಲ್ಲಿ ಮುಖ್ಯರು ಕಿಂಗ್ ಟಬ್ಬಿ. ಮೂಲತಃ ರೇಡಿಯೋ ರಿಪೇರಿಯ ಮನುಷ್ಯ. ಕಿಂಗ್‌ಸ್ಟನ್ನಿನ ವಾಟರ್‌ಹೌಸ್‌ನ ತನ್ನ ಪುಟ್ಟ ಕೋಣೆಯಲ್ಲಿ ನಾಲ್ಕು ಟ್ರ್ಯಾಕಿನ ಮಿಕ್ಸರ್ ಇಟ್ಟುಕೊಂಡಿದ್ದರು. ಡ್ರಮ್ಮು, ಬೇಸ್, ಗಿಟಾರು, ದನಿ ಬೇರೆ ಬೇರೆ ಟ್ರ್ಯಾಕಿನಲ್ಲಿದ್ದರೆ ಯಾವುದನ್ನು ಬೇಕಾದರೂ ತಗ್ಗಿಸಬಹುದು, ಎಬ್ಬಿಸಬಹುದು. ಹಾಡಿನ ಒಂದೇ ಪದ ಕೇಳಿಸಿ, ಪ್ರತಿಧ್ವನಿಯಾಗಿ ಕರಗಿ ಹೋಗುತ್ತದೆ. ಬೇಸ್ ಮಾತ್ರ ಉಳಿಯುತ್ತದೆ. ಅಗಸ್ಟಸ್ ಪಾಬ್ಲೋ ಜೊತೆಗಿನ 1976ರ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಆಲ್ಬಮಿನ ಶೀರ್ಷಿಕೆ ಗೀತೆ ಜೇಕಬ್ ಮಿಲ್ಲರ್ ಹಾಡಿದ ಒಂದು ಪ್ರೇಮಗೀತೆಯ ವರ್ಶನ್. ಇವತ್ತು ಮೂಲಕ್ಕಿಂತ ಅದೇ ಹೆಚ್ಚು ಪ್ರಸಿದ್ಧ.

ದನಿ ಹೋದ ಜಾಗದಲ್ಲಿ ಯೂ-ರಾಯ್‌ನಂಥ ಡೀಜೇಗಳು ನಿಂತು ಮಾತಾಡತೊಡಗಿದರು. ಕಾಸರಗೋಡಿನ ಕಡೆಯ ನಮಗೆ ಇದು ಪರಕೀಯ ಅಲ್ಲ. ತಾಳಮದ್ದಲೆಯಲ್ಲಿ ಪ್ರಸಂಗದ ಪದ ಅದೇ ಇರ್ತದೆ, ಅರ್ಥಧಾರಿ ಹೇಳುವ ಮಾತು ಪ್ರತಿ ಕೂಟದಲ್ಲಿ ಬೇರೆ. ನಿನ್ನೆಯ ಕರ್ಣ ಇವತ್ತಿನ ಕರ್ಣ ಅಲ್ಲ. ಇವೆರಡಕ್ಕೆ ಚರಿತ್ರೆಯ ನಂಟು ಉಂಟು ಅಂತ ನಾನು ಹೇಳ್ತಿಲ್ಲ. ಸ್ಥಿರವಾದ ಒಂದು ಪಾಠ, ಅದರ ಮೇಲೆ ಆ ಕ್ಷಣದ ಮಾತು ಎಂಬ ವಿನ್ಯಾಸ ಮಾತ್ರ ಒಂದೇ ಥರ.

ಆದರೆ ಒಂದು ಕಡೆ ಹೋಲಿಕೆ ಮುರಿಯುತ್ತದೆ, ನನಗೆ ಮುಖ್ಯ ಅನಿಸಿದ್ದು ಅದೇ. ಕೂಟದಲ್ಲಿ ಭಾಗವತರು, ಮದ್ದಲೆಯವರು ಎದುರಿಗೇ ಕೂತಿರುತ್ತಾರೆ. ಡಬ್‌ನಲ್ಲಿ ಮೂಲ ವಾದಕರು ಟೇಪಿನೊಳಗಿದ್ದಾರೆ. ‘ಸೌಂಡ್ ಡೈಮೆನ್ಶನ್’ ತಂಡ 1967ರಲ್ಲಿ ಸ್ಟುಡಿಯೋ ಒನ್‌ನಲ್ಲಿ ನುಡಿಸಿದ ‘ರಿಯಲ್ ರಾಕ್’ ಲಯದ ಮೇಲೆ ಲೆಕ್ಕವಿಲ್ಲದಷ್ಟು ಹಾಡುಗಳು ಬಂದಿವೆ. ವಿಲ್ಲಿ ವಿಲಿಯಮ್ಸ್ ಅದರ ಮೇಲೆ ಹಾಡಿದ್ದನ್ನು 1979ರಲ್ಲಿ ಬ್ರಿಟನ್ನಿನ ‘ದ ಕ್ಲ್ಯಾಶ್’ ತಂಡವೂ ಹಾಡಿತು. ಆ ಕಾಲದ ಸ್ಟುಡಿಯೋ ವಾದಕರಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಆ ದಿನದ ಕೂಲಿ. ಜಮೈಕಾದಲ್ಲಿ ಹೊಸ ಕಾಪಿರೈಟ್ ಕಾಯ್ದೆ ಜಾರಿಗೆ ಬಂದದ್ದು 1993ರಲ್ಲಿ. ಅಷ್ಟರಲ್ಲಿ ‘ರಿಯಲ್ ರಾಕ್’ಗೆ ಇಪ್ಪತ್ತೈದು ವರ್ಷ ದಾಟಿತ್ತು.

‘ಕರ್ತೃ ಯಾರು ಅನ್ನೋದು ಮುಖ್ಯವಲ್ಲ, ಪಠ್ಯ ಎಲ್ಲರದ್ದು’ ಅಂತ ಸಿದ್ಧಾಂತದ ತರಗತಿಯಲ್ಲಿ ನಾವು ಸಲೀಸಾಗಿ ಹೇಳ್ತೇವೆ. ನಾನೂ ಹಾಗೇ ಬರೆದಿದ್ದೇನೆ. ಡಬ್ ಕೇಳಿದ ಮೇಲೆ ಆ ವಾಕ್ಯ ಅರ್ಧ ಅನಿಸ್ತದೆ. ಪಠ್ಯ ಎಲ್ಲರದ್ದಾದಾಗ ಲಾಭ ಯಾರದ್ದಾಯಿತು ಅಂತಲೂ ಕೇಳಬೇಕು. ಶೆರ್ವುಡ್‌ರ ಜೋಡಿ ಆಲ್ಬಮ್‌ಗಳು ಈ ದೃಷ್ಟಿಯಿಂದ ಗಮನಾರ್ಹ: ಎರಡನೆಯ ಆಲ್ಬಮ್ಮೂ ಪೆರ್ರಿಯ, ಆ್ಯಂಡಿಯ ಹೆಸರಿನಲ್ಲೇ ಬಂದಿದೆ.

ನನ್ನ ಕಿರುಪ್ರಬಂಧಕ್ಕಾಗಿ ಹಾಡುಗಳ ಪಾಠಾಂತರ ಸಂಗ್ರಹಿಸುವಾಗ ಮೊದಲು ನಾನು ಬರೆದುಕೊಳ್ಳುತ್ತಿದ್ದದ್ದು ಊರು, ದಿನಾಂಕ ಇಷ್ಟೇ. ಈಗ ಹಾಡಿದವರನ್ನು ಕೇಳಿ, ಅವರು ಒಪ್ಪಿದರೆ ಹೆಸರನ್ನೂ ಬರೆಯುತ್ತೇನೆ. ಯಾರಿಂದ ಕಲಿತರು ಅಂತಲೂ ಕೇಳ್ತೇನೆ. ಪಾಠಾಂತರ ಎಷ್ಟು ಬೇಕಾದರೂ ಆಗಲಿ, ಮೊದಲು ನುಡಿಸಿದವರು ಅದರಲ್ಲಿ ಕಾಣೆಯಾಗಬಾರದು. ಇಷ್ಟು ಹೇಳಿ ನಿಲ್ಲಿಸ್ತೇನೆ. ಚರ್ಚೆಯಲ್ಲಿ ತಿದ್ದಿ.